ಸಿಂಗಾಪುರ ದಾಟಿ ಜರ್ಮನಿಗೆ: ಯಾವ ಕಾಗದಕ್ಕೆ ಯಾವ ಮುದ್ರೆ

ಮೈಸೂರಿನಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಮದುವೆಯಾಗಿ, ಸಿಂಗಾಪುರದಲ್ಲಿ ಕೆಲವು ವರ್ಷ ದುಡಿದು, ಅಲ್ಲೇ ಒಂದು ಮಗುವಾದ ಮೇಲೆ ಮ್ಯೂನಿಕ್‌ಗೋ ಸ್ಟುಟ್‌ಗಾರ್ಟ್‌ಗೋ ಬರುವ ಕನ್ನಡ ಕುಟುಂಬಗಳಿವೆ. ಮೂವರದೂ ಭಾರತದ ಪಾಸ್‌ಪೋರ್ಟ್. ಆದರೆ ಫೈಲಿನಲ್ಲಿರುವ ಕಾಗದಗಳು ಎರಡು ದೇಶದವು. ಗಂಡ ಹೆಂಡತಿಯ ಜನನ ಪ್ರಮಾಣಪತ್ರ, ಮದುವೆಯ ನೋಂದಣಿ ಪತ್ರ ಕರ್ನಾಟಕದ್ದು. ಮಗುವಿನ ಜನನ ಪ್ರಮಾಣಪತ್ರ, ವಾಹನ ಚಾಲನಾ ಪರವಾನಗಿ, ಹಿಂದಿನ ಸಂಬಳದ ಲೆಕ್ಕ ಸಿಂಗಾಪುರದ್ದು. ಜರ್ಮನ್ ಕಚೇರಿಯವರು ಒಂದೊಂದು ಕಾಗದ ಕೈಗೆತ್ತಿಕೊಂಡಾಗಲೂ ಮೊದಲು ನೋಡುವುದು ಅದನ್ನು ಕೊಟ್ಟ ದೇಶ ಯಾವುದು, ಆ ದೇಶಕ್ಕೂ ಜರ್ಮನಿಗೂ ಈ ವಿಷಯದಲ್ಲಿ ಏನು ಒಪ್ಪಂದವಿದೆ ಎಂಬುದನ್ನು. ಕಾಗದ ಹಿಡಿದು ಬಂದವರ ಪೌರತ್ವ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇದು ತಿಳಿಯದೆ ಎಲ್ಲ ಕಾಗದವನ್ನೂ ಒಂದೇ ರೀತಿ ಸಿದ್ಧ ಮಾಡಿಕೊಂಡು ಬಂದವರ ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತದೆ.

ಅಪೊಸ್ಟಿಲ್ ಯಾರಿಗೆ ಉಂಟು, ಯಾರಿಗಿಲ್ಲ

ಒಂದು ದೇಶದ ಸರ್ಕಾರಿ ದಾಖಲೆ ಇನ್ನೊಂದು ದೇಶದಲ್ಲಿ ನಡೆಯಬೇಕಾದರೆ ಹಿಂದೆ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತಿತ್ತು. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದ ಅದನ್ನು ತೆಗೆದು, ಅಪೊಸ್ಟಿಲ್ ಎಂಬ ಒಂದೇ ಮುದ್ರೆಯನ್ನು ತಂದಿತು. ಜರ್ಮನಿ ಇದರಲ್ಲಿ 1966ರಿಂದ ಇದೆ. ಸಿಂಗಾಪುರಕ್ಕೆ ಇದು ಜಾರಿಯಾದದ್ದು 2021ರ ಸೆಪ್ಟೆಂಬರ್ 16ರಂದು. ಭಾರತಕ್ಕೆ ಅದಕ್ಕಿಂತ ಬಹಳ ಮೊದಲೇ, 2005ರ ಜುಲೈ 14ರಂದು.

ಹಾಗಾದರೆ ಭಾರತದ ಕಾಗದಕ್ಕೆ ಹಾದಿ ಇನ್ನೂ ಸಲೀಸಾಗಿರಬೇಕಿತ್ತಲ್ಲ? ಇಲ್ಲ. ಒಪ್ಪಂದದ 12ನೇ ವಿಧಿಯ ಪ್ರಕಾರ, ಹೊಸದಾಗಿ ಸೇರುವ ದೇಶದ ಬಗ್ಗೆ ಹಳೆಯ ಸದಸ್ಯ ದೇಶ ಆಕ್ಷೇಪ ಎತ್ತಬಹುದು. ಎತ್ತಿದರೆ ಆ ಇಬ್ಬರ ನಡುವೆ ಮಾತ್ರ ಒಪ್ಪಂದ ನಡೆಯುವುದಿಲ್ಲ. ಭಾರತದ ವಿಷಯದಲ್ಲಿ ಜರ್ಮನಿ ಹೀಗೆ ಆಕ್ಷೇಪ ಎತ್ತಿತು. ಸಿಂಗಾಪುರದ ವಿಷಯದಲ್ಲಿ ಎತ್ತಲಿಲ್ಲ. ಆದ್ದರಿಂದ ಸಿಂಗಾಪುರದ ಜನನ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಸಾಕು. ಕರ್ನಾಟಕದ್ದಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಅಂಟಿಸಿ ತಂದರೂ ಜರ್ಮನ್ ಕಾನೂನಿನ ಕಣ್ಣಿಗೆ ಅದು ಇದ್ದೂ ಇಲ್ಲದ ಹಾಗೆ. ಅದೇ ಅಪೊಸ್ಟಿಲ್ ನೆದರ್ಲೆಂಡ್ಸ್‌ನಲ್ಲಿ ನಡೆಯುತ್ತದೆ. ಐಂಡ್‌ಹೋವನ್‌ನಲ್ಲಿರುವ ಗೆಳೆಯರ ಮಾತು ಕೇಳಿ ಬೆಂಗಳೂರಿನ ಏಜೆಂಟರಿಗೆ ದುಡ್ಡು ಕೊಟ್ಟವರು ಮೋಸ ಹೋಗುವುದು ಇಲ್ಲೇ.

ದೇಶ ದೇಶಗಳ ಸ್ನೇಹಕ್ಕೂ ಇದಕ್ಕೂ ನಂಟು ಕಡಿಮೆ. ಭಾರತ ಮತ್ತು ಜರ್ಮನಿ 2000ದಿಂದಲೇ ವ್ಯೂಹಾತ್ಮಕ ಪಾಲುದಾರರು. ಆಕ್ಷೇಪ ಮಾತ್ರ ಹಾಗೇ ಉಳಿದಿದೆ. ವಿಯೆಟ್ನಾಂ ಕಥೆ ಇದರ ತಿರುಗುಮುರುಗು. 2017ರ ಜುಲೈನಲ್ಲಿ ಚಿನ್ ಸ್ವಾನ್ ಥಾನ್ ಎಂಬ ಮಾಜಿ ಅಧಿಕಾರಿಯನ್ನು ಬರ್ಲಿನ್‌ನ ನಡುಬೀದಿಯಿಂದ ಎತ್ತಿಕೊಂಡು ಹೋದ ಪ್ರಕರಣದಲ್ಲಿ ಜರ್ಮನಿ ಇಬ್ಬರು ವಿಯೆಟ್ನಾಮೀ ರಾಜತಾಂತ್ರಿಕರನ್ನು ಹೊರಹಾಕಿತು, ವ್ಯೂಹಾತ್ಮಕ ಪಾಲುದಾರಿಕೆಯನ್ನೇ ತಡೆಹಿಡಿಯಿತು. ಆದರೂ ಯುರೋಪಿಯನ್ ಒಕ್ಕೂಟ ಮತ್ತು ವಿಯೆಟ್ನಾಂ ನಡುವಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2019ರಲ್ಲಿ ಸಹಿ ಬಿತ್ತು, 2020ರ ಆಗಸ್ಟ್‌ನಲ್ಲಿ ಅದು ಜಾರಿಯೂ ಆಯಿತು. ಪತ್ರಿಕೆಯಲ್ಲಿ ನಾಯಕರು ಕೈ ಕುಲುಕುವ ಚಿತ್ರ ನೋಡಿ ಕೌಂಟರಿನಲ್ಲಿ ಏನಾಗುತ್ತದೆಂದು ಊಹಿಸಬೇಡಿ. ಕೌಂಟರಿನಲ್ಲಿ ತೂಗುವುದು ಆ ದೇಶದ ನೋಂದಣಿ ವ್ಯವಸ್ಥೆಯ ಮೇಲಿನ ನಂಬಿಕೆಯನ್ನು. ಈ ಒಪ್ಪಂದವನ್ನು ನೋಡಿಕೊಳ್ಳುವ ಸಂಸ್ಥೆಯಾದ ಹೇಗ್ ಸಮ್ಮೇಳನದ ಜಾಲತಾಣದಲ್ಲಿ ಸದಸ್ಯ ದೇಶಗಳ ಪಟ್ಟಿಯಿದೆ. ಒಂದೊಂದು ದೇಶದ ಸಾಲನ್ನು ತೆರೆದರೆ ಯಾರು ಆಕ್ಷೇಪ ಎತ್ತಿದ್ದಾರೆ, ಯಾರು ಹಿಂತೆಗೆದುಕೊಂಡಿದ್ದಾರೆ ಎಂದು ದಿನಾಂಕ ಸಮೇತ ಸಿಗುತ್ತದೆ. ಅರ್ಜಿ ಹಾಕುವ ವಾರ ಅದನ್ನು ಒಮ್ಮೆ ನೋಡಿ.

ಸಿಂಗಾಪುರದ ಕಾಗದ

ಜನನ ಪ್ರಮಾಣಪತ್ರ ಕೊಡುವುದು ಅಲ್ಲಿನ ವಲಸೆ ಮತ್ತು ತಪಾಸಣಾ ಪ್ರಾಧಿಕಾರ, ಅಂದರೆ ಐಸಿಎ. 2022ರ ಮೇ 29ರ ನಂತರ ಹುಟ್ಟು ನೋಂದಾಯಿಸಿದವರಿಗೆ ಸಿಗುವುದು ಡಿಜಿಟಲ್ ಪ್ರಮಾಣಪತ್ರ. ಅದನ್ನು ಗಡುವಿನೊಳಗೆ ಇಳಿಸಿಕೊಂಡು ಎರಡು ಮೂರು ಕಡೆ ಉಳಿಸಿಡಿ; ಗಡುವು ದಾಟಿದರೆ ದುಡ್ಡು ಕೊಟ್ಟು ನಕಲು ತೆಗೆಸಬೇಕಾಗುತ್ತದೆ. ಅಪೊಸ್ಟಿಲ್ ಹಾಕುವುದು ಸಿಂಗಾಪುರ್ ಅಕಾಡೆಮಿ ಆಫ್ ಲಾ. ಬರ್ಲಿನ್‌ನಲ್ಲಿರುವ ಸಿಂಗಾಪುರ ರಾಯಭಾರ ಕಚೇರಿಯಲ್ಲಿ ಇದು ಆಗುವುದಿಲ್ಲ. ಜರ್ಮನಿಗೆ ಬಂದ ಮೇಲೆ ನೆನಪಾದರೆ ಅಲ್ಲಿರುವ ಪರಿಚಯದವರ ಮೂಲಕವೋ ಏಜೆಂಟರ ಮೂಲಕವೋ ಮಾಡಿಸಬೇಕು. ಊರು ಬಿಡುವ ಮೊದಲೇ ಮುಗಿಸುವುದು ಲೇಸು.

ಅಪೊಸ್ಟಿಲ್ ಕೈಗೆ ಬಂದ ಕೂಡಲೇ ಓದಿ. ಒಪ್ಪಂದದ ಮಾದರಿಯಂತೆ ಅದು ಒಂದು ಚೌಕ, ಒಂದೊಂದು ಬದಿ ಕನಿಷ್ಠ 9 ಸೆಂಟಿಮೀಟರ್, ತಲೆಬರಹ ಫ್ರೆಂಚ್‌ನಲ್ಲಿ, ಒಳಗೆ 10 ಅಂಕಿ ಹಾಕಿದ ಸಾಲುಗಳು. ಕಣ್ಣು ಹಾಯಿಸಬೇಕಾದದ್ದು 2 ಮತ್ತು 3ನೇ ಸಾಲಿಗೆ. 2ರಲ್ಲಿ ದಾಖಲೆಗೆ ಸಹಿ ಮಾಡಿದವರ ಹೆಸರು, 3ರಲ್ಲಿ ಅವರ ಹುದ್ದೆ. ಹುದ್ದೆಯ ಜಾಗದಲ್ಲಿ ಜನನ ನೋಂದಣಿಯ ಅಧಿಕಾರಿ ಇದ್ದರೆ ಸರಿ. ನೋಟರಿ ಪಬ್ಲಿಕ್ ಎಂದಿದ್ದರೆ ಆ ಅಪೊಸ್ಟಿಲ್ ದೃಢಪಡಿಸುತ್ತಿರುವುದು ನೋಟರಿಯ ಸಹಿಯನ್ನು. ಮಗುವಿನ ಹುಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ನಕಲಿಗೆ ನೋಟರಿ ಸಹಿ ಹಾಕಿಸಿ, ಅದರ ಮೇಲೆ ಅಪೊಸ್ಟಿಲ್ ತಂದು, ಜರ್ಮನ್ ನೋಂದಣಿ ಕಚೇರಿಯಾದ ಶ್ಟಾಂಡೆಸಾಮ್ಟ್‌ನಲ್ಲಿ ತಿರಸ್ಕಾರ ಪಡೆಯುವುದು ತೀರಾ ಸಾಮಾನ್ಯ. ಖಾಸಗಿ ದಾಖಲೆಗಳಿಗೆ ನೋಟರಿಯ ದಾರಿ ಸರಿ. ಜನನ, ಮದುವೆ ಪತ್ರಗಳಿಗೆ ಅಪೊಸ್ಟಿಲ್ ನೇರವಾಗಿ ಆ ಪತ್ರದ ಮೇಲೆಯೇ ಬೇಕೆಂದು ಅರ್ಜಿ ಕೊಡುವಾಗಲೇ ಹೇಳಿ.

ಇನ್ನೊಂದು ಗುಂಡಿ ಇದೆ. ಸಿಂಗಾಪುರದಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಆ ದೇಶದ ಪೌರತ್ವ ಬರುವುದಿಲ್ಲ. ಭಾರತದ ಪೌರತ್ವಕ್ಕಾಗಿ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ಹೈಕಮಿಷನ್‌ನಲ್ಲಿ ಹುಟ್ಟನ್ನು ನೋಂದಾಯಿಸಬೇಕು. ಆಗ ಹೈಕಮಿಷನ್ ಕೊಡುವ ಪತ್ರವನ್ನೇ ಜರ್ಮನಿಯಲ್ಲಿ ತೋರಿಸಲು ಹೊರಡುವವರಿದ್ದಾರೆ, ನಮ್ಮ ದೇಶದ್ದಲ್ಲವೇ ಎಂದು. ಹೇಗ್ ಒಪ್ಪಂದದ 1ನೇ ವಿಧಿಯೇ ರಾಯಭಾರಿ ಮತ್ತು ಕಾನ್ಸುಲರ್ ಅಧಿಕಾರಿಗಳು ಕೊಟ್ಟ ದಾಖಲೆಗಳನ್ನು ಹೊರಗಿಟ್ಟಿದೆ. ಅದಕ್ಕೆ ಸಿಂಗಾಪುರದಲ್ಲಿ ಅಪೊಸ್ಟಿಲ್ ಬೀಳುವುದಿಲ್ಲ; ಜರ್ಮನಿಯಲ್ಲಿ ತೋರಿಸಿದರೆ ಭಾರತದ ಕಾಗದದ ತಕರಾರನ್ನು ಮೈಮೇಲೆ ಎಳೆದುಕೊಂಡಂತೆ. ಅದು ಪಾಸ್‌ಪೋರ್ಟ್ ಕೆಲಸಕ್ಕೆ ಇರಲಿ. ಜರ್ಮನಿಗೆ ಐಸಿಎ ಪತ್ರ.

ಅನುವಾದ ಕೊನೆಯಲ್ಲಿ. ಕಾಗದ ಇಂಗ್ಲಿಷಿನಲ್ಲಿದ್ದರೂ ಶ್ಟಾಂಡೆಸಾಮ್ಟ್ ಸಾಮಾನ್ಯವಾಗಿ ಜರ್ಮನ್ ಅನುವಾದ ಕೇಳುತ್ತದೆ, ಅದೂ ಜರ್ಮನ್ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರದು. ಅಂಥವರ ಪಟ್ಟಿ ಜರ್ಮನ್ ನ್ಯಾಯಾಂಗದ ಜಾಲತಾಣದಲ್ಲಿ ಭಾಷೆ, ಊರು ಹಾಕಿದರೆ ಸಿಗುತ್ತದೆ. ಮೊದಲು ಅನುವಾದ ಮಾಡಿಸಿ ಆಮೇಲೆ ಅಪೊಸ್ಟಿಲ್ ಹಾಕಿಸಿದರೆ ಅಪೊಸ್ಟಿಲ್ ಅನುವಾದವಾಗದೆ ಉಳಿಯುತ್ತದೆ, ಎರಡನೇ ಸಲ ದುಡ್ಡು ಕೊಡಬೇಕು.

ಹೆಸರಿನದು ನಮ್ಮವರಿಗೇ ವಿಶೇಷವಾದ ತೊಡಕು. ಸಿಂಗಾಪುರದ ಪ್ರಮಾಣಪತ್ರದಲ್ಲಿ ಪೂರ್ತಿ ಹೆಸರು ಒಂದೇ ಸಾಲು; ಯಾವುದು ಕುಟುಂಬದ ಹೆಸರು, ಯಾವುದು ಸ್ವಂತದ್ದು ಎಂದು ಬೇರೆ ಮಾಡಿರುವುದಿಲ್ಲ. ಜರ್ಮನಿಯ ಎಲ್ಲ ನಮೂನೆಗಳಲ್ಲೂ ಎರಡು ಖಾನೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟು ‘ಮಂಜುನಾಥ ಹನುಮಂತಪ್ಪ’ ಎಂದು ಪೂರ್ತಿ ಹೆಸರನ್ನು ಗಿವನ್ ನೇಮ್‌ನಲ್ಲಿ ತುಂಬಿದ್ದರೆ, ಇಲ್ಲಿನ ದಾಖಲೆಯಲ್ಲಿ ಅದಷ್ಟೂ ಕುಟುಂಬದ ಹೆಸರಾಗಿ ಕೂರುವುದುಂಟು. ಅಪ್ಪನದು ಹಾಗೆ, ಮಗುವಿನದು ಬೇರೆ ರೀತಿ ಎಂದಾದಾಗ ಪ್ರಶ್ನೆಗಳು ಶುರು. ಮಗುವಿನ ಮೊದಲ ಪಾಸ್‌ಪೋರ್ಟ್ ಮಾಡಿಸುವಾಗಲೇ ಎರಡು ಖಾನೆಯನ್ನೂ ತುಂಬಿ, ತಂದೆ ತಾಯಿಯ ಪಾಸ್‌ಪೋರ್ಟ್ ನವೀಕರಿಸುವಾಗ ಅದಕ್ಕೆ ಹೊಂದಿಸಿಕೊಳ್ಳಿ. ಜರ್ಮನಿಗೆ ಬಂದು ನೋಂದಾಯಿಸಿದ ಮೇಲೆ ಬದಲಿಸುವುದು ಬಹಳ ಕಷ್ಟ.

ಕರ್ನಾಟಕದ ಕಾಗದ

ಭಾರತದಲ್ಲಿರುವ ಜರ್ಮನ್ ಕಚೇರಿಗಳು ದಾಖಲೆಗಳ ದೃಢೀಕರಣವನ್ನೂ ನಿಲ್ಲಿಸಿವೆ. ಉಳಿದಿರುವುದು ದಾಖಲೆಯ ಒಳಹೊಕ್ಕು ಪರಿಶೀಲನೆ. ಇದನ್ನು ನೀವಾಗಿ ಕೇಳಿ ಮಾಡಿಸುವ ಹಾಗಿಲ್ಲ. ಜರ್ಮನಿಯ ಕಚೇರಿ, ಶ್ಟಾಂಡೆಸಾಮ್ಟ್ ಇರಬಹುದು, ಪೌರತ್ವ ಕಚೇರಿ ಇರಬಹುದು, ಭಾರತದಲ್ಲಿರುವ ಜರ್ಮನ್ ಕಚೇರಿಗೆ ಬರೆಯುತ್ತದೆ. ಕರ್ನಾಟಕದ ಕಾಗದವಾದರೆ ಬೆಂಗಳೂರಿನ ಕಾನ್ಸುಲೇಟ್‌ಗೆ. ಅವರು ನಂಬಿಕೆಯ ವಕೀಲರೊಬ್ಬರನ್ನು ನೇಮಿಸುತ್ತಾರೆ. ವಕೀಲರು ನೋಂದಣಿ ಕಚೇರಿಗೆ ಹೋಗಿ ರಿಜಿಸ್ಟರ್ ತೆಗೆಸಿ ನೋಡುತ್ತಾರೆ, ಬೇಕಾದರೆ ಮನೆಯವರನ್ನೂ ಅಕ್ಕಪಕ್ಕದವರನ್ನೂ ವಿಚಾರಿಸುತ್ತಾರೆ. ಹಲವು ನೂರು ಯೂರೋ ಖರ್ಚು ನಿಮ್ಮದು, ಸಮಯ ತಿಂಗಳುಗಳ ಲೆಕ್ಕ. ಊರಲ್ಲಿರುವ ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ. ಯಾರೋ ವಕೀಲರು ಬಂದು ಮಗನ ಮದುವೆ ಯಾವಾಗ ಆಯಿತೆಂದು ಕೇಳಿದರೆ ಗಾಬರಿಯಾಗಿ ಏನೋ ಹೇಳಿಬಿಡುತ್ತಾರೆ.

ಎಡವುವುದು ಮೂರು ಕಡೆ. ಹಳೆಯ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಹೆಸರು ಸೇರಿಸಿದ ಹೊಸ ಪ್ರತಿ ತೆಗೆಸಬೇಕು. ಹುಟ್ಟಿ ಹತ್ತಾರು ವರ್ಷದ ನಂತರ ನೋಂದಾಯಿಸಿದ್ದರೆ ಅನುಮಾನ ಸಹಜ. ವರ್ಷ ದಾಟಿದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಇದ್ದೇ ಇರುತ್ತದೆ, ಅದರ ಪ್ರತಿ ಹುಡುಕಿ ಇಟ್ಟುಕೊಳ್ಳಿ. ಮೂರನೆಯದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜನ್ಮದಿನಾಂಕ ಒಂದು, ಪುರಸಭೆಯ ರಿಜಿಸ್ಟರಿನದು ಇನ್ನೊಂದು ಎಂಬುದು ನಮ್ಮಲ್ಲಿ ಹೊಸದೇನಲ್ಲ. ಪರಿಶೀಲನೆಯಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ವ್ಯತ್ಯಾಸವಿದ್ದರೆ ಅದನ್ನು ಭಾರತದಲ್ಲೇ ತಿದ್ದಿಸಿ, ಆಮೇಲೆ ಕಾಗದ ಸಲ್ಲಿಸಿ.

ಇದೆಲ್ಲ ಯಾವಾಗ ಬೇಕಾಗುತ್ತದೆ? ಬಂದ ಹೊಸತರಲ್ಲಿ ವಿಳಾಸ ನೋಂದಣಿ ಎರಡು ವಾರದೊಳಗೆ ಆಗಬೇಕು. ಅಲ್ಲಿ ಮದುವೆ ಪತ್ರವನ್ನು ಅನುವಾದದೊಂದಿಗೆ ತೋರಿಸಿದರೆ ಬಹಳ ಕಡೆ ಒಪ್ಪುತ್ತಾರೆ, ಕೆಲವು ಊರುಗಳಲ್ಲಿ ಒಪ್ಪುವುದಿಲ್ಲ. ನಿಜವಾದ ಬಿಗಿ ಬರುವುದು ಜರ್ಮನಿಯಲ್ಲಿ ಮಗು ಹುಟ್ಟಿದಾಗ. ಹುಟ್ಟನ್ನು ಒಂದು ವಾರದೊಳಗೆ ತಿಳಿಸಬೇಕು, ಆಸ್ಪತ್ರೆಯವರು ತಿಳಿಸುತ್ತಾರೆ. ಪ್ರಮಾಣಪತ್ರ ಬೇಕೆಂದರೆ ತಂದೆ ತಾಯಿಯ ಜನನ ಪತ್ರ, ಮದುವೆ ಪತ್ರ ಕೇಳುತ್ತಾರೆ. ಅವು ಪರಿಶೀಲನೆಯಾಗದಿದ್ದರೆ ಸಾಮಾನ್ಯ ಜನನ ಪ್ರಮಾಣಪತ್ರದ ಬದಲು, ತಂದೆ ತಾಯಿಯ ಗುರುತು ಸಾಬೀತಾಗಿಲ್ಲ ಎಂಬ ಟಿಪ್ಪಣಿಯಿರುವ ರಿಜಿಸ್ಟರ್ ಪ್ರತಿ ಕೊಡಬಹುದು. ಅದಕ್ಕೂ ಕಾನೂನಿನ ಬೆಲೆಯಿದೆ, ಅದನ್ನಿಟ್ಟುಕೊಂಡು ಮಕ್ಕಳ ಭತ್ಯೆಗೂ ವಿಮೆಗೂ ಅರ್ಜಿ ಹಾಕಿ. ಕಾಯುತ್ತಾ ಕೂರಬೇಡಿ. ಹೆರಿಗೆಗೆ ನಾಲ್ಕೈದು ತಿಂಗಳಿರುವಾಗಲೇ ಶ್ಟಾಂಡೆಸಾಮ್ಟ್‌ಗೆ ಬರೆದು, ನಮ್ಮಿಬ್ಬರಿಗೆ ಯಾವ ಯಾವ ಕಾಗದ ಬೇಕು ಎಂದು ಲಿಖಿತ ಪಟ್ಟಿ ತರಿಸಿಕೊಳ್ಳಿ. ಒಂದೊಂದು ಊರಿನ ಪಟ್ಟಿ ಒಂದೊಂದು ತರಹ.

ಗಂಡ ಹೆಂಡತಿ ಸಿಂಗಾಪುರದ ವಿವಾಹ ನೋಂದಣಿ ಕಚೇರಿಯಲ್ಲೇ ಮದುವೆ ನೋಂದಾಯಿಸಿದ್ದರೆ, ಆ ಪತ್ರ ಸಿಂಗಾಪುರದ್ದು, ಅಪೊಸ್ಟಿಲ್ ಸಾಕು. ಮಗು ಕೌಲಾಲಂಪುರದಲ್ಲಿ ಹುಟ್ಟಿದ್ದರೆ ಸಾಂಪ್ರದಾಯಿಕ ದಾರಿ: ಮಲಯ ಭಾಷೆಯ ಪ್ರಮಾಣಪತ್ರಕ್ಕೆ ಪುತ್ರಜಯದಲ್ಲಿರುವ ವಿದೇಶಾಂಗ ಸಚಿವಾಲಯದ ಮುದ್ರೆ, ಅದರ ಮೇಲೆ ಜರ್ಮನ್ ರಾಯಭಾರ ಕಚೇರಿಯ ದೃಢೀಕರಣ, ಕೊನೆಗೆ ಅನುವಾದ. ಮಲೇಷ್ಯಾ ಹೇಗ್ ಒಪ್ಪಂದಕ್ಕೆ ಸೇರಿದೆಯೇ ಎಂದು ಮೊದಲು ಹೇಳಿದ ಪಟ್ಟಿಯಲ್ಲಿ ನೋಡಿ ಹೊರಡಿ.

ವೀಸಾ: ಸಿಂಗಾಪುರ ಪಾಸ್‌ಪೋರ್ಟ್ ಇದ್ದವರ ತಪ್ಪು ಎಣಿಕೆ

ಭಾರತದ ಪಾಸ್‌ಪೋರ್ಟ್ ಹೊಂದಿ ಸಿಂಗಾಪುರದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವವರು ದುಡಿಮೆಯ ವೀಸಾಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಸಿಂಗಾಪುರದ ಜರ್ಮನ್ ರಾಯಭಾರ ಕಚೇರಿಯಲ್ಲೇ ಹಾಕಬಹುದು. 2025ರಿಂದ ಜರ್ಮನಿಯ ಎಲ್ಲ ವೀಸಾ ಕಚೇರಿಗಳಲ್ಲೂ ಆನ್‌ಲೈನ್ ಪೋರ್ಟಲ್ ಇದೆ. ಕೆಲಸ ಬಿಟ್ಟು ಸಿಂಗಾಪುರದ ಪಾಸ್, ಅಂದರೆ ಅಲ್ಲಿ ದುಡಿಯುವ ಪರವಾನಗಿ, ರದ್ದಾದ ಮೇಲೆ ಅರ್ಜಿ ಹಾಕಲು ಹೊರಟರೆ ಅಲ್ಲೇ ಹಾಕುವ ಹಕ್ಕು ಕೈತಪ್ಪುತ್ತದೆ. ನೋಟಿಸ್ ಅವಧಿಯಲ್ಲೇ ಮುಗಿಸಿ.

ಸಿಂಗಾಪುರದ ಪೌರತ್ವ ಪಡೆದ ಕನ್ನಡಿಗರ ಸಮಸ್ಯೆ ಬೇರೆ. ಅವರು 180 ದಿನಗಳಲ್ಲಿ 90 ದಿನ ವೀಸಾ ಇಲ್ಲದೆ ಬರಬಹುದು. ಹಾಗೆ ಬಂದು ಇಲ್ಲೇ ನಿವಾಸ ಪರವಾನಗಿಗೆ ಅರ್ಜಿ ಹಾಕಬಹುದೆಂದು ಬಹಳ ಜನ ನಂಬಿದ್ದಾರೆ. ಆ ಅನುಕೂಲ ಇರುವುದು ಜರ್ಮನಿಯ ನಿವಾಸ ನಿಯಮಾವಳಿಯ 41ನೇ ಕಲಮಿನಲ್ಲಿ ಹೆಸರಿಸಿದ ದೇಶಗಳಿಗೆ: ಅಮೆರಿಕ, ಆಸ್ಟ್ರೇಲಿಯಾ, ಇಸ್ರೇಲ್, ಕೆನಡಾ, ಜಪಾನ್, ದಕ್ಷಿಣ ಕೊರಿಯಾ, ನ್ಯೂಜಿಲೆಂಡ್, ಬ್ರಿಟನ್. ಸಿಂಗಾಪುರ ಆ ಪಟ್ಟಿಯಲ್ಲಿಲ್ಲ. ಕೆಲಸಕ್ಕೆ ಬರುವವರು ಸಿಂಗಾಪುರದಲ್ಲೇ ವೀಸಾ ಮಾಡಿಸಿಕೊಂಡು ಹತ್ತಬೇಕು, ಇಲ್ಲದಿದ್ದರೆ ವಾಪಸ್ ಹೋಗಿ ಬರಬೇಕಾದೀತು.

ವರ್ಷದ ನಡುವೆ ಬಂದವರ ತೆರಿಗೆ

ಇಲ್ಲಿ ಕಾಗದಕ್ಕಿಂತ ದುಡ್ಡಿನ ಪೆಟ್ಟು ಜೋರು. ಜರ್ಮನಿಯ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಜುಲೈ 1ಕ್ಕೆ ಬಂದವರು ಜನವರಿಯಿಂದ ಜೂನ್‌ವರೆಗೆ ಸಿಂಗಾಪುರದಲ್ಲಿ ಗಳಿಸಿದ್ದಕ್ಕೆ ಜರ್ಮನಿ ತೆರಿಗೆ ಹಾಕುವುದಿಲ್ಲ. ಆದರೆ ಜರ್ಮನಿಯ ಗಳಿಕೆಗೆ ಯಾವ ದರ ಎಂದು ನಿರ್ಧರಿಸಲು ಎರಡನ್ನೂ ಕೂಡಿ ನೋಡುತ್ತದೆ. ಕಾನೂನಿನಲ್ಲಿ ಇದು ಆದಾಯ ತೆರಿಗೆ ಕಾಯ್ದೆಯ 32ಬಿ ಕಲಮು.

ಲೆಕ್ಕ ಹಾಕಿ ನೋಡೋಣ. ಕಡಿತಗಳೆಲ್ಲ ಕಳೆದು ಜರ್ಮನಿಯ ಆರು ತಿಂಗಳ ತೆರಿಗೆಯೋಗ್ಯ ಆದಾಯ 40,000 ಯೂರೋ, ಸಿಂಗಾಪುರದ ಆರು ತಿಂಗಳದ್ದೂ 40,000 ಎಂದಿಟ್ಟುಕೊಳ್ಳಿ, ಒಬ್ಬಂಟಿ. 2025ರ ದರದಲ್ಲಿ ಬರೀ 40,000ಕ್ಕೆ ತೆರಿಗೆ ಸುಮಾರು 7,320. ಎರಡನ್ನೂ ಕೂಡಿ 80,000ಕ್ಕೆ ತೆರಿಗೆ ಸುಮಾರು 22,688, ಅಂದರೆ ಶೇ 28.36. ಆ ದರವನ್ನು ಜರ್ಮನಿಯ 40,000ಕ್ಕೆ ಹಾಕಿದರೆ 11,344. ವ್ಯತ್ಯಾಸ 4,000 ಯೂರೋ ದಾಟಿತು. ಕಂಪನಿಯವರು ತಿಂಗಳ ಸಂಬಳವನ್ನು ಇಡೀ ವರ್ಷಕ್ಕೆ ಹಿಗ್ಗಿಸಿ ತೆರಿಗೆ ಹಿಡಿಯುವುದರಿಂದ, ಈ ಉದಾಹರಣೆಯಲ್ಲಿ ಅವರು ಹಿಡಿದಿರುವುದೂ ಹತ್ತಿರಹತ್ತಿರ ಅಷ್ಟೇ. ಹಾಗಾಗಿ ಕೈಯಿಂದ ಕೊಡಬೇಕಾದ್ದು ಹೆಚ್ಚಿಲ್ಲ, ಆದರೆ ಅರ್ಧ ವರ್ಷ ಮಾತ್ರ ದುಡಿದದ್ದಕ್ಕೆ ದೊಡ್ಡ ಮೊತ್ತ ವಾಪಸ್ ಬರುತ್ತದೆಂಬ ಕನಸೂ ಬೇಡ. ಸಿಂಗಾಪುರದ ಸಂಬಳ ಇದಕ್ಕಿಂತ ದೊಡ್ಡದಿದ್ದರೆ ಮೇಲಿಂದ ಕಟ್ಟಬೇಕು.

ಹೀಗೆ ದರಕ್ಕೆ ಸೇರುವ ಆದಾಯ 410 ಯೂರೋ ದಾಟಿದರೆ ರಿಟರ್ನ್ ಸಲ್ಲಿಸುವುದು ಕಡ್ಡಾಯ, ಗಡುವು ಮರುವರ್ಷದ ಜುಲೈ 31. ತುಂಬಬೇಕಾದದ್ದು ಡಬ್ಲ್ಯುಎ-ಇಎಸ್‌ಟಿ ಎಂಬ ಅನುಬಂಧ. ಉಚಿತ ಆ್ಯಪ್‌ಗಳಲ್ಲಿ ಈ ಹಾಳೆ ತೆರೆಯದೆ ಮುಂದೆ ಹೋದರೆ ಪರದೆಯ ಮೇಲೆ ದೊಡ್ಡ ಮರುಪಾವತಿ ಕಾಣುತ್ತದೆ. ಅದು ತಪ್ಪು ಲೆಕ್ಕ, ಗೊತ್ತಿದ್ದೂ ಸಲ್ಲಿಸಿದರೆ ತೆರಿಗೆ ವಂಚನೆ.

ಸಿಂಗಾಪುರ ಬಿಡುವ ವಿದೇಶಿ ನೌಕರನ ಬಗ್ಗೆ ಕಂಪನಿ ಒಂದು ತಿಂಗಳ ಮುಂಚೆ ಐಆರ್21 ನಮೂನೆ ಸಲ್ಲಿಸಿ, ತೆರಿಗೆ ತೀರುವವರೆಗೆ ಬಾಕಿ ಹಣ ಹಿಡಿದಿಡಬೇಕು. ಆ ನಮೂನೆಯ ಪ್ರತಿ ಮತ್ತು ಅಲ್ಲಿನ ತೆರಿಗೆ ನಿರ್ಣಯ ಪತ್ರ ಎರಡನ್ನೂ ತನ್ನಿ. ಸಿಂಗಾಪುರದ ದುಡಿಮೆಗೆ ಸಂದ ಬೋನಸ್ ಜರ್ಮನಿಗೆ ಬಂದ ಮೇಲೆ ಜಮೆಯಾದರೆ, ಎರಡು ದೇಶಗಳ 2004ರ ತೆರಿಗೆ ಒಪ್ಪಂದದಂತೆ ಅದರ ಮೇಲಿನ ಹಕ್ಕು ಸಿಂಗಾಪುರದ್ದು; ಅಲ್ಲಿ ತೆರಿಗೆ ಕಟ್ಟಿದ ಪುರಾವೆ ಇಲ್ಲದಿದ್ದರೆ ಜರ್ಮನಿ ವಿನಾಯಿತಿ ಕೊಡುವುದಿಲ್ಲ. ಕಂಪನಿಯ ಷೇರುಗಳು ಕೈಸೇರುವ ದಿನ ಜರ್ಮನಿಯಲ್ಲಿದ್ದರೆ, ಕಂಪನಿ ಅವನ್ನು ಕೊಡುವುದಾಗಿ ಗೊತ್ತುಮಾಡಿದ ದಿನದಿಂದ ಕೈಸೇರಿದ ದಿನದವರೆಗೆ ಎಲ್ಲೆಲ್ಲಿ ಎಷ್ಟು ದಿನ ದುಡಿದಿರಿ ಎಂದು ಹಂಚಿ ಲೆಕ್ಕ ಮಾಡಬೇಕು. ಇದನ್ನು ಸ್ವಂತ ಮಾಡಲು ಹೋಗದೆ ತೆರಿಗೆ ಸಲಹೆಗಾರರಿಗೆ ಕೊಡಿ.

ಹೆಂಡತಿ ಅಥವಾ ಗಂಡ ಅದೇ ವರ್ಷ ಡಿಸೆಂಬರ್ 31ರೊಳಗೆ ಬಂದು ಇಲ್ಲಿ ನೆಲೆಸಿದರೆ ಆ ವರ್ಷಕ್ಕೆ ಜಂಟಿ ರಿಟರ್ನ್ ಹಾಕಬಹುದು. ಲಾಭವೇ ಎಂದು ಹಾರಬೇಡಿ. ಅವರೂ ಸಿಂಗಾಪುರದಲ್ಲಿ ದುಡಿಯುತ್ತಿದ್ದರೆ ಅವರ ಹನ್ನೊಂದು ಚಿಲ್ಲರೆ ತಿಂಗಳ ಸಂಬಳವೂ ದರದ ಲೆಕ್ಕಕ್ಕೆ ಬಂದು ಕೂರುತ್ತದೆ. ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ಆರಿಸಿಕೊಳ್ಳಿ.

ಸಿಂಗಾಪುರದಲ್ಲಿ ಬಿಟ್ಟುಬಂದ ಬ್ಯಾಂಕ್ ಖಾತೆಯ ಬಡ್ಡಿ, ಡಿವಿಡೆಂಡನ್ನು ನೀವು ಜರ್ಮನಿಗೆ ಬಂದ ದಿನದಿಂದ ಇಲ್ಲಿ ತೋರಿಸಬೇಕು. ತಲೆಗೆ ವರ್ಷಕ್ಕೆ 1,000 ಯೂರೋವರೆಗೆ ವಿನಾಯಿತಿ, ಮೇಲಿನದಕ್ಕೆ ಶೇ 25 ಮತ್ತು ಅದರ ಮೇಲೆ ಶೇ 5.5 ಸರ್ಚಾರ್ಜ್. ತೋರಿಸದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರಿಗೆ: ಎರಡೂ ದೇಶಗಳು ಖಾತೆಗಳ ಮಾಹಿತಿಯನ್ನು ತಾವಾಗಿಯೇ ವಿನಿಮಯ ಮಾಡಿಕೊಳ್ಳುತ್ತವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬ್ಯಾಂಕಿಗೆ ಹೊಸ ವಿಳಾಸ, ಜರ್ಮನಿಯ ತೆರಿಗೆ ಸಂಖ್ಯೆ ಕೊಟ್ಟುಬಿಡಿ.

ಪಿಂಚಣಿಯ ವಿಷಯದಲ್ಲಿ ಮಾತ್ರ ಭಾರತದ ಕೈ ಮೇಲು. ಭಾರತ ಮತ್ತು ಜರ್ಮನಿ ನಡುವೆ 2017ರ ಮೇ 1ರಿಂದ ಸಾಮಾಜಿಕ ಭದ್ರತಾ ಒಪ್ಪಂದವಿದೆ. ಸಿಂಗಾಪುರದೊಂದಿಗೆ ಅಂಥದ್ದಿಲ್ಲ.

ಚಾಲನಾ ಪರವಾನಗಿ

ಸಿಂಗಾಪುರದ ಪರವಾನಗಿ ಜರ್ಮನ್ ಚಾಲನಾ ನಿಯಮಾವಳಿಯ 11ನೇ ಅನುಬಂಧದಲ್ಲಿದೆ, ಬರಹದ ಪರೀಕ್ಷೆಯೂ ರಸ್ತೆ ಪರೀಕ್ಷೆಯೂ ಇಲ್ಲದೆ ಬದಲಾಯಿಸಿಕೊಡುತ್ತಾರೆ. ಭಾರತದ ಪರವಾನಗಿಗೆ ಎರಡೂ ಪರೀಕ್ಷೆ ಕಡ್ಡಾಯ, ಜೊತೆಗೆ ಕಣ್ಣಿನ ತಪಾಸಣೆ, ಪ್ರಥಮ ಚಿಕಿತ್ಸೆಯ ತರಗತಿ. ಡ್ರೈವಿಂಗ್ ಶಾಲೆಯ ನಿಗದಿತ ಪಾಠಗಳಿಂದ ಮಾತ್ರ ವಿನಾಯಿತಿ. ಎರಡರಲ್ಲಿ ಯಾವುದಿದ್ದರೂ ಬಂದು ನೆಲೆಸಿದ ದಿನದಿಂದ ಆರು ತಿಂಗಳು ಓಡಿಸಬಹುದು, ಆಮೇಲೆ ಸ್ಟಿಯರಿಂಗ್ ಹಿಡಿದರೆ ಪರವಾನಗಿ ಇಲ್ಲದೆ ಓಡಿಸಿದಂತೆ, ಅದು ಕ್ರಿಮಿನಲ್ ಅಪರಾಧ. ಬದಲಾಯಿಸುವಾಗ ಸಿಂಗಾಪುರದ ಕಾರ್ಡನ್ನು ಕಚೇರಿಗೆ ಒಪ್ಪಿಸಬೇಕಾಗುತ್ತದೆ. ಎರಡೂ ಬದಿಯ ಪ್ರತಿ ಮಾಡಿಟ್ಟುಕೊಳ್ಳಿ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗಲು ವಾರಗಳೇ ಬೇಕಾಗುವುದರಿಂದ, ವಿಳಾಸ ನೋಂದಣಿ ಆದ ವಾರವೇ ದಿನಾಂಕ ಕಾದಿರಿಸಿ.